ತಲೆಯ ಕೆಳಗೆ ಎರಡು ಬೆರಳು

ನನ್ನ ಅತ್ತೆಯ ಸಿಟ್ಟನ್ನು ನೋಡಿದವರು ಯಾರೂ ಇಲ್ಲ. ನನ್ನ ಸಿಟ್ಟನ್ನು ನೋಡದವರೂ ಯಾರೂ ಇಲ್ಲ. ಇಂಥ ಇಬ್ಬರು ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುಂದೆ ಇಷ್ಟು ವರ್ಷ ಹೇಗೆ ಬಾಳಿದಿರಿ ಎಂದು ಪಕ್ಕದ ಮನೆಯವಳು ಕೇಳುತ್ತಿರುತ್ತಾಳೆ. ಬೆಂಕಿಯ ಪಕ್ಕ ನೀರು ಇಟ್ಟರೆ ಏನಾಗುತ್ತದೆ, ನೀರು ಬೆಚ್ಚಗಾಗುತ್ತದೆ, ಚಹಾ ಮಾಡಿಕೊಂಡು ಕುಡಿಯುತ್ತೇವೆ ಎಂದು ನಾನು ಹೇಳುತ್ತೇನೆ. ಅವಳಿಗೆ ಬೇಕಾದದ್ದು ಜಗಳದ ಸುದ್ದಿ, ಸಿಗುವುದು ಚಹಾದ ಸುದ್ದಿ. ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಾಳೆ, ಪಾಪ.

ಅತ್ತೆಯದು ನೀರಿನ ಕೆಲಸ. ನಮ್ಮ ಬೀದಿಯ ಕೊನೆಯಲ್ಲಿರುವ ಹಳೆಯ ಈಜುಕೊಳದಲ್ಲಿ ಈಜು ಕಲಿಸುತ್ತಿದ್ದರು. ಕೊಳಕ್ಕೆ ಬರುವ ಮಕ್ಕಳು ಅವರನ್ನು ನೀರಜ್ಜಿ ಎಂದು ಕರೆದರು, ಮಕ್ಕಳನ್ನು ನೋಡಿ ತಾಯಂದಿರೂ ಹಾಗೇ ಕರೆದರು, ಕೊನೆಗೆ ಟಿಕೆಟ್ ಕೊಡುವವನೂ ಅದನ್ನೇ ಹಿಡಿದುಕೊಂಡ. ಕೊಳದ ಮೇಲೆ ಗಾಜಿನ ಚಾವಣಿ. ಬೆಳಗಿನ ಬಿಸಿಲು ಅದರಿಂದ ಸೋಸಿಕೊಂಡು ಕೆಳಗಿಳಿದು, ನೀರಿನಲ್ಲಿ ಒಡೆದು, ಮತ್ತೆ ಮೇಲೆದ್ದು ಗೋಡೆಯ ತುಂಬ ಓಡಾಡುತ್ತಿತ್ತು. ಒಳಗೆ ಯಾರೇ ಏನೇ ಅಂದರೂ ಆ ಮಾತು ದುಂಡಗಾಗಿ, ನಿಧಾನವಾಗಿ ತಿರುಗಿ ಬರುತ್ತಿತ್ತು. ನಾನು ಮೊದಲ ಸಲ ಹೋದಾಗ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ಎಂಬ ಅನುಮಾನ ಬರುವಂಥ ಜಾಗ ಅದು.

ಅತ್ತೆ ಮೊದಲು ಈಜು ಕಲಿಸುತ್ತಿರಲಿಲ್ಲ, ತೇಲುವುದನ್ನು ಕಲಿಸುತ್ತಿದ್ದರು. ಕಲಿಯಲು ಬಂದವರು ಬೆನ್ನ ಮೇಲೆ ಮಲಗಬೇಕು, ಅವರ ತಲೆಯ ಹಿಂಬದಿಗೆ ಅತ್ತೆ ತಮ್ಮ ಬಲಗೈಯ ಎರಡು ಬೆರಳು ಕೊಡುತ್ತಿದ್ದರು. ಎರಡೇ. ಇಡೀ ಅಂಗೈ ಕೊಟ್ಟರೆ ಜನ ಅಂಗೈಗೆ ಜೋತುಬೀಳುತ್ತಾರೆ, ನೀರನ್ನು ನಂಬುವುದಿಲ್ಲ ಎಂಬುದು ಅವರ ಲೆಕ್ಕ. ಹೆದರಿದವರ ತಲೆ ಬೆರಳಿಗೆ ಹಗುರ ಅನ್ನಿಸುತ್ತದೆ, ಏಕೆಂದರೆ ಅವರು ಕುತ್ತಿಗೆ ಬಿಗಿದು ತಮ್ಮ ತಲೆಯನ್ನು ತಾವೇ ಎತ್ತಿ ಹಿಡಿದಿರುತ್ತಾರೆ. ಭಯ ಬಿಟ್ಟ ಗಳಿಗೆಯಲ್ಲಿ ತಲೆ ಭಾರವಾಗಿ ಬೆರಳಿನ ಮೇಲೆ ಕೂರುತ್ತದೆ. ‘ಭಾರ ಬಂತು’ ಎನ್ನುತ್ತಿದ್ದರು ಅತ್ತೆ ಅದಕ್ಕೆ. ಭಾರ ಬಂದ ಮೇಲೆ ಸದ್ದಿಲ್ಲದೆ ಬೆರಳು ತೆಗೆದುಬಿಡುತ್ತಿದ್ದರು. ಮಲಗಿದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಬೆರಳಿದೆ ಎಂದುಕೊಂಡೇ ತೇಲುತ್ತಿದ್ದರು.

ಇನ್ನೊಂದು ಕಟ್ಟಳೆ ಇತ್ತು. ಕೊಳದಲ್ಲಿ ‘ಹೆದರಬೇಡ’ ಎಂಬ ಮಾತನ್ನು ಯಾರೂ ಆಡುವಂತಿಲ್ಲ.

“ಹೆದರಬೇಡ ಅಂದ್ರೆ ಹೆದರೋ ಅಂಥದ್ದು ಏನೋ ಇದೆ ಅಂತಾಯ್ತಲ್ಲ?” ಎನ್ನುತ್ತಿದ್ದರು. “ಅದರ ಬದಲು ಮನೆ ಮಾತು ಆಡಿ. ನಿಮ್ಮ ಕೈ ಗಟ್ಟಿಯಾದ್ರೆ ಅವರಿಗೆ ಗೊತ್ತಾಗುತ್ತೆ. ಬಾಯಿ ಸುಳ್ಳು ಹೇಳಬಹುದು, ಬೆರಳು ಹೇಳಲ್ಲ.”

ಹಾಗಾಗಿ ನೀರೆಂದರೆ ನಡುಗುವ ಬೇಕರಿಯವನನ್ನು ಮಲಗಿಸಿಕೊಂಡು ಅತ್ತೆ ಕೇಳುತ್ತಿದ್ದದ್ದು, “ಅಲ್ಲಪ್ಪಾ, ನಿಮ್ಮ ಅಂಗಡಿ ಬನ್ನು ಇತ್ತೀಚೆಗೆ ಯಾಕೆ ಕಲ್ಲಿನ ಹಾಗಿದೆ?” ಅವನು ತನ್ನ ಬನ್ನಿನ ಮಾನ ಕಾಪಾಡುವ ಭರದಲ್ಲಿ ಕುತ್ತಿಗೆ ಬಿಗಿಯುವುದನ್ನೇ ಮರೆತುಬಿಡುತ್ತಿದ್ದ. ಭಾರ ಬರುತ್ತಿತ್ತು.

ನನ್ನನ್ನೂ ತೇಲಿಸಿದ್ದು ಹೀಗೇ. ಮದುವೆಯಾದ ಹೊಸತು. ನೀರು ಕಂಡರೆ ನನಗೆ ವಿಪರೀತ ಭಯ. ಅದನ್ನು ಮುಚ್ಚಿಡಲು ಹೋಗಿ ಮೆಟ್ಟಿಲ ಬಳಿ ಎಲ್ಲರ ಮೇಲೂ ಹರಿಹಾಯ್ದೆ. ಟವೆಲ್ಲು ಸರಿಯಿಲ್ಲ, ಟೋಪಿ ಬಿಗಿ, ನೀರು ತಣ್ಣಗಿದೆ. ಅತ್ತೆ ನಗುತ್ತ, “ಬೈಕೋ, ಚೆನ್ನಾಗಿ ಬೈಕೋ. ಉಸಿರು ಎಳ್ಕೊಳ್ಳದೆ ಬೈಯೋಕಾಗಲ್ಲ, ಉಸಿರಿದ್ರೆ ಮುಳುಗೋಕಾಗಲ್ಲ,” ಎಂದರು. ನಾನು ಗಾಜಿನ ಚಾವಣಿ ನೋಡುತ್ತ ಅವರ ಮಗನ ಮೇಲಿನ ದೂರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ದನಿ ನಿಧಾನವಾಯಿತು. ಬೆಳಕು ಎಲ್ಲಿ ಮುಗಿಯಿತು, ನಾನು ಎಲ್ಲಿ ಶುರುವಾದೆ ಎಂದೇ ತಿಳಿಯದ ಹಾಗಾಯಿತು. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಅತ್ತೆ ದೂರದ ಅಂಚಿನಲ್ಲಿ ನಿಂತು ಕೈ ಕಟ್ಟಿಕೊಂಡಿದ್ದಾರೆ! “ನೋಡ್ರೋ, ನಮ್ಮ ಮೆಣಸಿನಕಾಯಿ ತೇಲ್ತಿದೆ,” ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಅಂದಿನಿಂದ ನಾನು ಮನೆಯಲ್ಲಿ ಮೆಣಸಿನಕಾಯಿ.

ಇಷ್ಟೆಲ್ಲ ಜನರನ್ನು ತೇಲಿಸಿದವರ ಸ್ವಂತ ಮಗನಿಗೆ ಮಾತ್ರ ತೇಲಲು ಬರುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಆ ಮಗನೇ ನನ್ನ ಗಂಡ. ಕನ್ನಡಕದ ಅಂಗಡಿ ಇಟ್ಟಿದ್ದಾರೆ, ತುಂಬ ಒಳ್ಳೆಯವರು, ತುಂಬ ಪುಕ್ಕಲು. ನಾನು ಫೋನು ಎತ್ತುವುದು ಕೊಂಚ ತಡವಾದರೂ ಸಾಕು, ನಾನು ಯಾವುದೋ ಬಸ್ಸಿನ ಅಡಿ ಬಿದ್ದಿದ್ದೇನೆ ಎಂದು ತೀರ್ಮಾನಿಸಿ ಅಂಗಡಿಗೆ ಬೀಗ ಹಾಕಿಕೊಂಡು ಬಂದುಬಿಡುತ್ತಾರೆ. ಅರ್ಧ ದಾರಿಯಲ್ಲಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಹೋಗುತ್ತಾರೆ.

ಇವರಿಗೆ ಯಾಕೆ ಕಲಿಸಲಿಲ್ಲ ಎಂದು ಅತ್ತೆಯನ್ನು ಒಮ್ಮೆ ಕೇಳಿದ್ದೆ. ಬಟ್ಟೆ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು.

“ಕಲಿಸದೆ ಬಿಟ್ಟೆನಾ? ಎಲ್ಲರ ಮಕ್ಕಳ ತಲೆ ಹಿಡಿದಾಗಲೂ ನನ್ನ ಬೆರಳು ನನ್ನ ಮಾತು ಕೇಳ್ತು. ಇವನ ತಲೆ ಹಿಡಿದಾಗ ಕೇಳಲಿಲ್ಲ ಕಣೆ. ಗಟ್ಟಿಯಾಗಿಬಿಡ್ತು. ಅದು ಅವನಿಗೆ ಗೊತ್ತಾಗಿಬಿಡ್ತು.”

ಅಷ್ಟು ಹೇಳಿ ಮತ್ತೆ ಮಡಿಸತೊಡಗಿದರು. ನಾನೂ ಸುಮ್ಮನಾದೆ. ಸುಮ್ಮನಾಗುವುದು ನನಗೆ ಕಷ್ಟದ ಕೆಲಸ, ಆದರೂ ಆದೆ.

ಒಂದು ಬೆಳಗ್ಗೆ ಅತ್ತೆ ಕೊಳದಿಂದ ಬೇಗ ಮನೆಗೆ ಬಂದರು. ಒದ್ದೆ ಟವೆಲ್ಲು ಕುತ್ತಿಗೆಗೆ ಸುತ್ತಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡತೊಡಗಿದರು.

“ಮೆಣಸಿನಕಾಯಿ, ಇವತ್ತು ಒಂದು ಹುಡುಗಿ ತಲೆ ನನ್ನ ಬೆರಳ ಮೇಲಿತ್ತು. ಭಾರ ಬಂತೋ ಇಲ್ಲವೋ ಗೊತ್ತೇ ಆಗಲಿಲ್ಲ.”

ಬೆರಳು ಜೋಮು ಹಿಡಿಯುತ್ತಿದ್ದುದು ಹೊಸದೇನಲ್ಲವಂತೆ. ಲೋಟ ಜಾರುತ್ತಿತ್ತಂತೆ, ಗುಂಡಿ ಹಾಕಲು ಆಗುತ್ತಿರಲಿಲ್ಲವಂತೆ. ಮಗ ಗಾಬರಿಯಾಗುತ್ತಾನೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಾನು ಬಾಯಿಗೆ ಬಂದಂತೆ ಬೈದು, ಅದೇ ಉಸಿರಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಕುತ್ತಿಗೆಯಲ್ಲಿ ಏನೋ ನರವನ್ನು ಒತ್ತುತ್ತಿದೆ, ಸ್ಕ್ಯಾನ್ ಮಾಡಿ ನೋಡಿದರೆ ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ನೋಡದೆ ಕತ್ತಿ ಇಡುವಂತಿಲ್ಲ. ತಡ ಮಾಡುವಂತೆಯೂ ಇಲ್ಲ, ತಡವಾದರೆ ಕೈಯೇ ಸತ್ವ ಕಳೆದುಕೊಳ್ಳುತ್ತದೆ.

ಸ್ಕ್ಯಾನ್ ಎಂದರೆ ಕೊಳವೆಯಂಥ ಯಂತ್ರದೊಳಗೆ ಅಲುಗಾಡದೆ ಮಲಗುವುದು. ಬೆನ್ನ ಮೇಲೆ ಅಲುಗಾಡದೆ ಮಲಗುವುದನ್ನು ನಮ್ಮ ಅತ್ತೆಗೆ ಯಾರು ಹೇಳಿಕೊಡಬೇಕು ಎಂದು ನಾನು ನಿಶ್ಚಿಂತೆಯಾಗಿದ್ದೆ. ಒಳಗೆ ಹೋದವರು ಯಂತ್ರ ಶುರುವಾಗುವ ಮುಂಚೆಯೇ ಕೈಗೆ ಕೊಟ್ಟಿದ್ದ ಕರೆಗಂಟೆಯ ಗುಂಡಿ ಒತ್ತಿ, ಬರಿಗಾಲಲ್ಲಿ ಕಾರಿಡಾರಿಗೆ ಬಂದುಬಿಟ್ಟರು. ಮುಖದಲ್ಲಿ ರಕ್ತವಿರಲಿಲ್ಲ.

“ನೀರಿಗೆ ಮುಚ್ಚಳ ಇಲ್ಲ ಕಣೆ,” ಎಂದರು ನನ್ನ ತೋಳು ಹಿಡಿದು. “ಅಲ್ಲಿ ಮುಚ್ಚಳ ಇದೆ. ಮೂಗಿನ ಮೇಲೇ ಇದೆ. ನನ್ನ ಕೈಲಾಗಲ್ಲ. ಬೆರಳು ಹೋದ್ರೆ ಹೋಗ್ಲಿ.”

ಅವರ ಬಾಯಲ್ಲಿ ‘ಕೈಲಾಗಲ್ಲ’ ಎಂಬ ಮಾತನ್ನು ನಾನು ಅಂದೇ ಮೊದಲು ಕೇಳಿದ್ದು.

ಆಸ್ಪತ್ರೆಯವರು ಮತ್ತೊಂದು ದಿನ ಗೊತ್ತು ಮಾಡಿಕೊಟ್ಟರು. ಅಲ್ಲಿಯವರೆಗೆ ಮನೆಯಲ್ಲಿ ಎಲ್ಲರೂ ಪಿಸುಮಾತಿನವರಾದೆವು. ನನ್ನ ಗಂಡ ಅಂಗಡಿಗೆ ಹೊರಡುವಾಗ “ಅಮ್ಮಾ, ಹೆದರಬೇಡ”, ಬಂದಾಗ “ಅಮ್ಮಾ, ಹೆದರಬೇಡ” ಎನ್ನುತ್ತಿದ್ದರು. ಪ್ರತಿ ಸಲವೂ ಅತ್ತೆಯ ಭುಜ ಕಿವಿಯ ಕಡೆಗೆ ಇನ್ನಷ್ಟು ಏರುತ್ತಿತ್ತು. ನಾನು ಯೋಚಿಸಿದೆ. ಅವರು ಊರಿಗೆಲ್ಲ ಶಾಂತಿ ಹಂಚಿದವರು, ಈಗ ಅವರಿಗೆ ಅದು ಬೇಕಾಗಿದೆ, ಕೊಡಬೇಕಾದವಳು ನಾನು. ಸರಿ, ಶಾಂತಳಾಗುತ್ತೇನೆ ಎಂದು ಹಲ್ಲು ಕಚ್ಚಿ ನಿರ್ಧರಿಸಿದೆ. ಹಲ್ಲು ಕಚ್ಚಿಕೊಂಡು ಶಾಂತಳಾದವಳ ಕಥೆ ಹೇಗಿರುತ್ತದೆ ನೀವೇ ಊಹಿಸಿ.

ದನಿಯಲ್ಲಿ ಜೇನು ಸುರಿಸಿದೆ. “ಅತ್ತೆ, ದಿಂಬು ಸರಿ ಇದೆಯಾ?” “ಅತ್ತೆ, ಇನ್ನೊಂಚೂರು ಚಹಾ ಕೊಡ್ಲಾ?” ಒದ್ದೆ ಟವೆಲ್ಲನ್ನು ಅವರು ಎಂದಿನಂತೆ ನನ್ನ ಹಾಸಿಗೆಯ ಮೇಲೆ ಎಸೆದಿದ್ದರು, ತುಟಿಪಿಟಕ್ಕೆನ್ನದೆ ಎತ್ತಿ ಒಣಹಾಕಿದೆ. ಅವರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ನಾನು ಮುಗುಳ್ನಕ್ಕೆ. ಅವರು ನಗಲಿಲ್ಲ. ಊಟ ಅರ್ಧಕ್ಕೇ ಬಿಟ್ಟರು.

ಸ್ಕ್ಯಾನಿನ ದಿನ ಆಸ್ಪತ್ರೆಯ ಹಸಿರು ಕುರ್ಚಿಗಳ ಮೇಲೆ ನಾವು ಮೂವರೂ ಕುಳಿತಿದ್ದೆವು. ಗಂಡ ಕೂತಲ್ಲಿ ಕೂರಲಾರದೆ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದರು. ಅತ್ತೆ ನನ್ನ ಕಡೆ ವಾಲಿ, ತೀರಾ ಸಣ್ಣ ದನಿಯಲ್ಲಿ ಹೇಳಿದರು.

“ಡಾಕ್ಟ್ರು ನಿನ್ನ ಹತ್ರ ಬೇರೆ ಏನು ಹೇಳಿದ್ರು? ನಿಜ ಹೇಳಿಬಿಡು.”

“ಏನೂ ಹೇಳಿಲ್ಲ ಅತ್ತೆ, ಯಾಕೆ?” ಎಂದೆ, ಜೇನಿನಲ್ಲೇ.

“ಸುಳ್ಳು ಹೇಳಬೇಡ. ನೀನು ಮೊನ್ನೆಯಿಂದ ನನಗೆ ಒಂದು ಮಾತು ಬೈದಿಲ್ಲ. ಟವೆಲ್ಲು ಎತ್ತಿ ಒಣಹಾಕಿ ನಕ್ಕೆ. ಸಾಯೋರನ್ನ ನೋಡಿ ನಗೋ ನಗು ಅದು. ನನಗೆ ಏನಾಗಿದೆ?”

ಅವರ ಕಣ್ಣಲ್ಲಿ ನೀರು. ಆ ಕಣ್ಣಲ್ಲಿ ಕೊಳದ ನೀರು ಬಿಟ್ಟು ಬೇರೆ ನೀರನ್ನು ನಾನು ಕಂಡವಳಲ್ಲ. ಅಯ್ಯೋ, ನಾನೇ ಮಾಡಿದ್ದು! ಈ ಮುದುಕಿಗೆ ಧೈರ್ಯ ತುಂಬುತ್ತೇನೆಂದು ಹೊರಟು, ಇರುವ ಧೈರ್ಯವನ್ನೂ ನನ್ನ ಕೈಯಾರೆ ಸೋರಿಸಿದ್ದೆ. ನನ್ನ ಮೇಲೇ ನನಗೆ ಸಿಟ್ಟು ನೆತ್ತಿಗೇರಿತು. ಏರಿದ ಸಿಟ್ಟು ಬಾಯಿಂದ ಹೊರಬಿತ್ತು.

“ಏನಾಗಿದೆ ಅಂದ್ರೆ? ತಲೆ ಕೆಟ್ಟಿದೆ ನಿಮಗೆ! ಆ ಟವೆಲ್ಲು ಒಂದು ವಾರದಿಂದ ಹಾಸಿಗೆ ಮೇಲೆ ಬೀಳ್ತಿದೆ, ನಂದೇನು ಹಾಸಿಗೆನಾ, ಹೊಂಡನಾ? ರಾತ್ರಿ ಬೆನ್ನೆಲ್ಲ ಒದ್ದೆ! ಇವತ್ತು ಮನೆಗೆ ಹೋದ ಮೇಲೆ ಇನ್ನೊಂದು ಸಲ ಹಾಕಿ ನೋಡಿ, ಕೊಳದಲ್ಲೇ ಮಲಗಿ ಅಂತ ಅಲ್ಲೇ ಬಿಟ್ಟು ಬರ್ತೀನಿ!”

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಗಂಡ ಕಿಟಕಿಯ ಬಳಿ ಕಲ್ಲಾದರು. ಅತ್ತೆ ನನ್ನ ಮುಖವನ್ನೇ ನೋಡುತ್ತ ಒಂದು ಉದ್ದನೆಯ ಉಸಿರು ಬಿಟ್ಟರು. ಕಿವಿಯ ತನಕ ಏರಿದ್ದ ಭುಜಗಳು ನಿಧಾನವಾಗಿ ತಮ್ಮ ಜಾಗಕ್ಕೆ ಇಳಿದವು.

“ಹಾಗಾದ್ರೆ ಏನೂ ಆಗಿಲ್ಲ,” ಎಂದರು.

“ಆಗಿಲ್ಲ ಅಂತಾನೇ ಹೇಳ್ತಿರೋದು!”

“ಸರಿ ಬಾ ಹಾಗಾದ್ರೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.”

ಯಂತ್ರ ನೋಡಿಕೊಳ್ಳುವ ಹುಡುಗಿ ಒಬ್ಬರು ಜೊತೆಗೆ ಬರಬಹುದು ಎಂದಳು. ಓಲೆ, ಉಂಗುರ, ಹೇರ್‌ಪಿನ್ನು ಎಲ್ಲ ಬಿಚ್ಚಿಟ್ಟು, ಕಿವಿಗೆ ಹತ್ತಿ ತುರುಕಿಕೊಂಡು ನಾನು ಒಳಗೆ ಹೋದೆ. ಬಿಳಿಯ ಕೋಣೆ, ತಣ್ಣಗಿತ್ತು. ಅತ್ತೆಯನ್ನು ಮಲಗಿಸಿದ ಹಲಗೆ ಜಾರಿಕೊಂಡು ಒಳಹೋಯಿತು. ತಲೆ, ಎದೆ, ಕೈ ಎಲ್ಲ ಒಳಗೆ. ಹೊರಗೆ ಉಳಿದದ್ದು ಪಾದಗಳು ಮಾತ್ರ. ನೀರಿನಲ್ಲಿ ನೆಂದು ನೆಂದು ಬೆಳ್ಳಗಾದ, ಹಿಮ್ಮಡಿ ಮೆತ್ತಗಿರುವ ಪಾದಗಳು. ನಾನು ಬಲಗಾಲ ಹಿಮ್ಮಡಿಯ ಕೆಳಗೆ ಎರಡು ಬೆರಳು ಇಟ್ಟೆ. ಹಗುರ! ಕಾಲನ್ನು ತಾವೇ ಎತ್ತಿ ಹಿಡಿದಿದ್ದರು.

ಟಕಟಕಟಕ ಎಂದು ಶುರುವಾಯಿತು. ಬಡಗಿಗಳ ಇಡೀ ಬೀದಿಯೇ ಕೋಣೆಗೆ ನುಗ್ಗಿದಂತಿತ್ತು. ಅತ್ತೆಯ ಕಾಲ್ಬೆರಳು ಮುದುಡಿದವು. ಈಗ ಗುಂಡಿ ಒತ್ತುತ್ತಾರೆ, ಈಗ ಎದ್ದು ಬರುತ್ತಾರೆ, ಕೈ ಹೋಯಿತು, ಕೊಳ ಹೋಯಿತು. ನೋಡಿಕೊಂಡರೆ ನನ್ನ ಎರಡು ಬೆರಳೂ ಕೊರಡಿನಂತೆ ಸೆಟೆದು ನಿಂತಿವೆ. ಬಾಯಿ ಸುಳ್ಳು ಹೇಳಬಹುದು, ಬೆರಳು ಹೇಳಲ್ಲ. ಇಲ್ಲಿ ಬಾಯಿಗೆ ಕೆಲಸವೂ ಇರಲಿಲ್ಲ, ಈ ಗದ್ದಲದಲ್ಲಿ ನನ್ನ ಬೈಗುಳವೂ ಕೇಳಿಸುವಂತಿಲ್ಲ. ಇದ್ದದ್ದು ಬೆರಳು ಮಾತ್ರ.

ಬೆರಳಿಗೆ ಸಡಿಲವಾಗು ಎಂದರೆ ಆಗುವುದಿಲ್ಲ, ನಾನೇ ಆಗಬೇಕಿತ್ತು. ಕಣ್ಣು ಮುಚ್ಚಿದೆ. ಅತ್ತೆಯ ಕಾಲನ್ನು ಬಿಟ್ಟು ನನ್ನ ತಲೆಯನ್ನು ನೆನೆದೆ, ಅಂದು ಅವರ ಬೆರಳ ಮೇಲೆ ಮಲಗಿದ ತಲೆಯನ್ನು. ಉಸಿರು ಒಳಗೆ ಬಂತು, ಹೊರಗೆ ಹೋಯಿತು. ಟಕಟಕ ಸದ್ದು ದೂರ ಸರಿಯಿತು, ದುಂಡಗಾಯಿತು, ಗಾಜಿನ ಚಾವಣಿಗೆ ತಾಗಿ ನಿಧಾನವಾಗಿ ತಿರುಗಿ ಬಂತು. ಬಿಳಿಯ ಗೋಡೆಯ ಮೇಲೆ ನೀರಿನ ಬೆಳಕು ಓಡಾಡತೊಡಗಿತು. ಕೊಳದ ನೀಲಿ ಹಂಚಿನ ನೆಲ ನನ್ನ ಕಾಲಡಿಯಲ್ಲಿ ಕದಲಿತು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕೋಣೆಯೇ ತುಂಬಿತು. ಹಲಗೆ, ಯಂತ್ರ, ಅತ್ತೆ, ನಾನು ಎಲ್ಲ ಒಟ್ಟಿಗೆ ಮೆಲ್ಲಗೆ ಮೇಲೆದ್ದೆವು. ಹಗಲಲ್ಲೇ, ನಿಂತಲ್ಲೇ ನಾನು ಕನಸು ಕಂಡೆನೆಂದು ಹೇಳಿದರೆ ನಗಬೇಡಿ. ಎಷ್ಟು ಹೊತ್ತು ಹಾಗಿದ್ದೆನೋ ಕಾಣೆ.

ಆಗ ಭಾರ ಬಂತು.

ಹಿಮ್ಮಡಿ ನನ್ನ ಬೆರಳುಗಳ ಮೇಲೆ ಇಳಿದು ಕೂತಿತು. ಮುದುಡಿದ್ದ ಕಾಲ್ಬೆರಳು ಬಿಚ್ಚಿಕೊಂಡು ಪಾದ ಹೊರಗಡೆಗೆ ವಾಲಿತು, ನಿದ್ದೆ ಹೋದ ಮಗುವಿನ ಪಾದದ ಹಾಗೆ. ನನ್ನ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಒರೆಸಿದರೆ ಬೆರಳು ಅಲುಗುತ್ತದೆ.

ಹಲಗೆ ಹೊರಗೆ ಜಾರಿದಾಗ ಅತ್ತೆ ಕಣ್ಣು ಪಿಳುಕಿಸಿದರು. ಹುಡುಗಿ “ಚಿತ್ರ ಚೆನ್ನಾಗಿ ಬಂದಿದೆ ಅಜ್ಜಿ, ಒಂಚೂರೂ ಅಲುಗಾಡಿಲ್ಲ ನೀವು,” ಎಂದಳು. ಅತ್ತೆ ನನ್ನನ್ನು ನೋಡಿ, “ಮೊದಮೊದಲು ಗಟ್ಟಿ ಇತ್ತು ನಿನ್ನ ಬೆರಳು. ಆಮೇಲೆ ಸರಿಹೋಯ್ತು,” ಎಂದರು. ಹೊಗಳಿಕೆಯೋ ತಕರಾರೋ ಇನ್ನೂ ಗೊತ್ತಾಗಿಲ್ಲ.

ಆಪರೇಷನ್ ಆಯಿತು. ಕೈ ಉಳಿಯಿತು. ಗುಂಡಿ ಹಾಕುತ್ತಾರೆ, ಲೋಟ ಹಿಡಿಯುತ್ತಾರೆ, ಒದ್ದೆ ಟವೆಲ್ಲನ್ನು ಎಂದಿನಂತೆ ಎಸೆಯುತ್ತಾರೆ. ಆದರೆ ಆ ಎರಡು ಬೆರಳುಗಳಲ್ಲಿ ಒಂದಕ್ಕೆ ಮಾತ್ರ ಸ್ಪರ್ಶ ಮರಳಿತು. ಇನ್ನೊಂದು ಮಲಗಿಯೇ ಇದೆ. ತಡವಾಗಿ ಬಂದಿರಿ ಎಂದರು ಡಾಕ್ಟರು, ಬೇಸರದಿಂದಲೇ. ಈಗ ಅತ್ತೆ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ನೀರಿನಲ್ಲಿರುವ ಹೊಸ ಮೇಡಂಗೆ ಅಲ್ಲಿಂದಲೇ ಹೇಳಿಕೊಡುತ್ತಾರೆ. ಅವರಿಗೆ ದುಃಖವಿಲ್ಲವೇ? ಇದೆ. ಕೆಲವೊಮ್ಮೆ ಎಡಗೈಯಲ್ಲಿ ಆ ಮಲಗಿದ ಬೆರಳನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿರುತ್ತಾರೆ. ನಾನು ಪಕ್ಕದಲ್ಲಿ ಕೂತು ತರಕಾರಿ ಹೆಚ್ಚುತ್ತೇನೆ.

ಕಳೆದ ವಾರ ನನ್ನ ಗಂಡ ತಾವಾಗಿಯೇ, “ನಾನೂ ಒಂದು ಸಲ ನೋಡ್ತೀನಿ,” ಎಂದರು. ಕಾರಿಡಾರಿನಲ್ಲಿ ಅಂದು ಏನು ನೋಡಿದರೋ, ಅದನ್ನು ಇಷ್ಟು ದಿನ ಮನಸ್ಸಿನಲ್ಲೇ ಮೆಲುಕು ಹಾಕುತ್ತಿದ್ದರೆಂದು ಕಾಣುತ್ತದೆ. ಹೊಸ ಮೇಡಂ ಮುಂದೆ ಬಂದಳು. ಅತ್ತೆ ಅವಳನ್ನು ತಡೆದು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು.

ನಾನು ನೀರಿಗಿಳಿದೆ. ಗಂಡನ ತಲೆಯ ಕೆಳಗೆ ಎರಡು ಬೆರಳು ಕೊಟ್ಟೆ. ಹಗುರವೆಂದರೆ ಹಗುರ, ಖಾಲಿ ಪೆಟ್ಟಿಗೆ. ಮನೆ ಮಾತು ಆಡಬೇಕಲ್ಲ, “ರೀ, ಅಂಗಡಿಗೆ ಬೀಗ ಹಾಕಿದ್ರಾ?” ಎಂದೆ. “ಹಾಕಿದ್ನಾ?” ಎಂದು ತಲೆ ಎತ್ತಿದವರು ಮುಳುಗಿ, ನೀರು ಕುಡಿದು, ಕೆಮ್ಮುತ್ತ ಎದ್ದರು.

“ಅವನ ಹತ್ರ ಬೀಗದ ಮಾತು ಎತ್ತಬೇಡ ಕಣೆ!” ಎಂದು ಅತ್ತೆ ಅಂಚಿನಿಂದ ಕೂಗಿದರು. ಕೂಗು ದುಂಡಗಾಗಿ ತಿರುಗಿ ಬಂತು.

ಮತ್ತೆ ಮಲಗಿಸಿದೆ. ಈ ಸಲ ಅವರ ಮೇಲಿನ ಹಳೆಯ ದೂರುಗಳನ್ನೇ ಒಂದೊಂದಾಗಿ ತೆಗೆದೆ. ಅಡುಗೆಮನೆಯ ದೀಪ ಆರಿಸುವುದಿಲ್ಲ, ಚಪ್ಪಲಿ ಎಲ್ಲೆಂದರಲ್ಲಿ, ಗೊರಕೆ. ದಿನವೂ ಕೇಳುವ ಬೈಗುಳ, ದಿನದ ದನಿ. ಅವರು “ಹ್ಞೂಂ, ಹ್ಞೂಂ” ಎನ್ನುತ್ತ ಚಾವಣಿ ನೋಡುತ್ತಿದ್ದರು. ಗೋಡೆಯ ಮೇಲಿನ ಬೆಳಕು ಅವರ ಮುಖದ ಮೇಲೂ ಓಡಾಡಿತು. ‘ಹ್ಞೂಂ’ಗಳ ನಡುವಿನ ಬಿಡುವು ಉದ್ದವಾಯಿತು. ಕಣ್ಣು ಅರ್ಧ ಮುಚ್ಚಿತು.

ಅತ್ತೆ ಅಂಚಿನಿಂದ ಮುಂದಕ್ಕೆ ಬಾಗಿದ್ದರು. ಎರಡೂ ಕೈಗಳನ್ನು ತೊಡೆಗಳ ಕೆಳಗೆ ಅದುಮಿಟ್ಟುಕೊಂಡಿದ್ದರು, ಮಗನಿಗೆ ಅವು ಕಾಣಬಾರದೆಂಬಂತೆ.

“ಭಾರ ಬಂತಾ?” ಎಂದು ಕೇಳಿದರು.

“ಬಂತು ಅತ್ತೆ.”



“ಹಾಗಾದ್ರೆ ಬೆರಳು ತೆಗಿ,” ಎಂದರು.

ತೆಗೆದೆ.